ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೂಪೆ: ಕಾರಿಗಿಂತ ಮೊದಲು ಬ್ಯಾಟರಿಗೆ ಬೆಲೆ ಕಟ್ಟಿ

ಪ್ರಶ್ನೆ: ನಾನು ಹಾಸನದವನು. ಎಂ.ಎಸ್. ಮುಗಿಸಿ ಅಮೆರಿಕದ ಟೆಕ್ಸಸ್‌ ರಾಜ್ಯದ ಪ್ಲೇನೊದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಆಫೀಸಿಗೆ ಹೋಗಿ ಬರಲು ದಿನಕ್ಕೆ ಸುಮಾರು 40 ಮೈಲಿ ಆಗುತ್ತದೆ. ಪೆಟ್ರೋಲ್ ಉಳಿಯಬೇಕು, ಕಾರು ನೋಡಲು ಚೆನ್ನಾಗಿರಬೇಕು, 10 ಸಾವಿರ ಡಾಲರ್ ದಾಟಬಾರದು ಎಂಬ ಲೆಕ್ಕದಲ್ಲಿ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಎರಡು ಬಾಗಿಲಿನ ಕಾರಾದ ಹೋಂಡಾ ಸಿಆರ್-ಝಡ್ ಹೈಬ್ರಿಡ್ ಕೂಪೆ ಹುಡುಕುತ್ತಿದ್ದೇನೆ. ಮೂರು ಕಾರುಗಳು ಕಣ್ಣಿಗೆ ಬಿದ್ದಿವೆ: 2012ರ ಮ್ಯಾನುಯಲ್, 96 ಸಾವಿರ ಮೈಲಿ ಓಡಿದ್ದು, 7,800 ಡಾಲರ್, 2014ರ ಆಟೊಮ್ಯಾಟಿಕ್, 88 ಸಾವಿರ ಮೈಲಿ, 10,500 ಡಾಲರ್, 2011ರ ಆಟೊಮ್ಯಾಟಿಕ್, 54 ಸಾವಿರ ಮೈಲಿ ಮಾತ್ರ, ರೀಬಿಲ್ಟ್ ಟೈಟಲ್ (ಒಮ್ಮೆ ಕೆಟ್ಟುಹೋದದ್ದೆಂದು ಬರೆದುಹಾಕಿ, ಮತ್ತೆ ರಿಪೇರಿ ಮಾಡಿದ ಕಾರು ಎಂಬ ದಾಖಲೆ), 6,200 ಡಾಲರ್. ಯಾವುದನ್ನು ಕೊಳ್ಳಲಿ? ಬರುವ ಬೇಸಿಗೆಯಲ್ಲಿ ಅಪ್ಪ, ಅಮ್ಮ ಆರು ತಿಂಗಳ ಮಟ್ಟಿಗೆ ಬರುವವರಿದ್ದಾರೆ. ಮುಂದೆ ಊರಿಗೆ ಮರಳುವಾಗ ಕಾರನ್ನು ತರಲು ಆಗುತ್ತದೆಯೇ?

ಉತ್ತರ: ನೀವು ಪಟ್ಟಿ ಮಾಡಿರುವ ಮೂರು ಕಾರುಗಳ ವಿಚಾರಕ್ಕೆ ಬರುವ ಮೊದಲು, ಪ್ರಶ್ನೆಯ ಕೊನೆಯಲ್ಲಿ ಹೇಳಿ ಮುಗಿಸಿರುವ ಒಂದು ಸಂಗತಿಯನ್ನು ಮುಂದಕ್ಕೆ ತರಬೇಕಾಗಿದೆ. ಅಮೆರಿಕದಲ್ಲಿ ಮಾರಾಟವಾದ ಸಿಆರ್-ಝಡ್‌ಗೆ ಇರುವುದು ಎರಡೇ ಸೀಟು. ಜಪಾನಿನಲ್ಲೂ ಯುರೋಪಿನಲ್ಲೂ ಇದೇ ಕಾರಿಗೆ ಹಿಂದೆ ಮಕ್ಕಳು ಕೂರುವಷ್ಟು ಪುಟ್ಟ ಸೀಟುಗಳಿದ್ದವು. ಅಮೆರಿಕಕ್ಕೆ ಬಂದ ಕಾರಿನಲ್ಲಿ ಆ ಜಾಗದಲ್ಲಿ ಸಾಮಾನು ಇಡುವ ಪ್ಲಾಸ್ಟಿಕ್ ತಗ್ಗುಗಳಿವೆ, ಸೀಟೂ ಇಲ್ಲ, ಸೀಟ್ ಬೆಲ್ಟೂ ಇಲ್ಲ. ಅಪ್ಪ ಅಮ್ಮನನ್ನು ವಿಮಾನ ನಿಲ್ದಾಣದಿಂದ ಕರೆತರುವುದರಿಂದ ಹಿಡಿದು ಭಾನುವಾರದ ದೇವಸ್ಥಾನದ ತನಕ ಪ್ರತಿ ಸಲವೂ ಒಬ್ಬರನ್ನು ಮನೆಯಲ್ಲೇ ಬಿಡಬೇಕಾಗುತ್ತದೆ, ಇಲ್ಲವೇ ಇನ್ನೊಂದು ಕಾರು ಬೇಕಾಗುತ್ತದೆ. ಮನೆಯಲ್ಲಿ ಜೊತೆಗಿರುವ ಸ್ನೇಹಿತರ ಕಾರು ಸಿಗುತ್ತದೆ, ಅಥವಾ ಆ ಆರು ತಿಂಗಳು ವಾರಾಂತ್ಯಕ್ಕೆ ಬಾಡಿಗೆ ಕಾರು ಮಾಡಿಕೊಳ್ಳುತ್ತೇನೆ ಎನ್ನುವುದಾದರೆ ಮುಂದಕ್ಕೆ ಓದಿ. ಅದು ಆಗದ ಮಾತು ಎನ್ನುವುದಾದರೆ ಈ ಕಾರಿನ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಹೈಬ್ರಿಡ್ ಕೂಪೆ ಎಂಬ ಜಾತಿಯೇ ಬಹಳ ಚಿಕ್ಕದು. ಕೈಗೆಟುಕುವ ಬೆಲೆ ಎಂದೊಡನೆ ಅದು ಇನ್ನಷ್ಟು ಚಿಕ್ಕದಾಗುತ್ತದೆ. ಹೋಂಡಾದ ಮೊದಲ ತಲೆಮಾರಿನ ಇನ್‌ಸೈಟ್ 1999ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು 2006ರ ತನಕ ತಯಾರಾಯಿತು. ಅಲ್ಯೂಮಿನಿಯಂ ಮೈ, 1 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಹಿಂಗಾಲಿಗಳನ್ನು ಅರ್ಧ ಮುಚ್ಚಿದ ವಿಚಿತ್ರ ರೂಪ. ಮೈಲೇಜಿನಲ್ಲಿ ಇಂದಿಗೂ ಅದನ್ನು ಮೀರಿಸುವ ಪೆಟ್ರೋಲ್ ಕಾರುಗಳು ವಿರಳ. ಆದರೆ ಈಗ ಅದು ಹವ್ಯಾಸಿಗಳ ಕಾರು. ಬಿಡಿಭಾಗ ಹುಡುಕುವುದನ್ನೇ ಸಂತೋಷವೆಂದು ಭಾವಿಸುವವರಿಗೆ ಸರಿ, ಬೆಳಿಗ್ಗೆ ಎಂಟಕ್ಕೆ ಹೊರಟು ಆಫೀಸು ಸೇರಬೇಕಾದವರಿಗಲ್ಲ. ಕ್ಯಾಡಿಲಾಕ್ ಇಎಲ್‌ಆರ್ ಎಂಬ ಪ್ಲಗ್-ಇನ್ (ಹೊರಗಿನ ವಿದ್ಯುತ್ತಿನಿಂದ ಚಾರ್ಜ್ ಮಾಡಬಹುದಾದ) ಕೂಪೆ 2014 ಮತ್ತು 2016ರ ಮಾಡೆಲ್‌ಗಳಾಗಿ ಬಂದಿತ್ತು. ಷೆವ್ರೊಲೆ ವೋಲ್ಟ್‌ನ ಯಂತ್ರವನ್ನೇ ಒಳಗಿಟ್ಟುಕೊಂಡಿದ್ದ ಅದರ ಹೊಸ ಬೆಲೆ 75 ಸಾವಿರ ಡಾಲರಿನ ಆಸುಪಾಸು. ಈಗ ಬೆಲೆ ಬಹಳ ಇಳಿದಿದ್ದರೂ ಮಾರಾಟವಾದದ್ದೇ ಕೆಲವು ಸಾವಿರವಾದ್ದರಿಂದ ಅದರ ಬಾಗಿಲೊಂದು ಜಖಂ ಆದರೂ ತಿಂಗಳುಗಟ್ಟಲೆ ಕಾಯಬೇಕಾದೀತು. ಹಾಗಾಗಿ ನಿಮ್ಮ ಬಜೆಟ್ಟಿಗೆ ಸಿಆರ್-ಝಡ್ ಒಂದೇ ಉಳಿಯುತ್ತದೆ ಎಂಬ ನಿಮ್ಮ ತೀರ್ಮಾನ ಸರಿಯಾಗಿಯೇ ಇದೆ.

ಈ ಕಾರು 2010ರಲ್ಲಿ ಮಾರುಕಟ್ಟೆಗೆ ಬಂದಿತು; ಅಮೆರಿಕದಲ್ಲಿ 2011ರಿಂದ 2016ರ ತನಕದ ಮಾಡೆಲ್‌ಗಳು ಸಿಗುತ್ತವೆ. 1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಅದಕ್ಕೂ ಗೇರ್‌ಬಾಕ್ಸ್‌ಗೂ ನಡುವೆ ತೆಳುವಾದ ಬಿಲ್ಲೆಯಂಥ ಒಂದು ವಿದ್ಯುತ್ ಮೋಟಾರು, ಹಿಂದೆ ಡಿಕ್ಕಿಯ ನೆಲದಡಿ ಬ್ಯಾಟರಿ: ಇದನ್ನು ಹೋಂಡಾ ಐಎಂಎ (ಇಂಟಿಗ್ರೇಟೆಡ್ ಮೋಟಾರ್ ಅಸಿಸ್ಟ್) ಎಂದು ಕರೆಯಿತು. ಭಾರತದಲ್ಲಿ 2008ರಲ್ಲಿ ಹೋಂಡಾ ಮಾರಿದ ಸಿವಿಕ್ ಹೈಬ್ರಿಡ್‌ನಲ್ಲಿಯೂ ಇದೇ ಏರ್ಪಾಡು ಇತ್ತು. ಟೊಯೊಟಾ ಪ್ರಿಯಸ್‌ನಂತೆ ಈ ಕಾರು ಎಂಜಿನ್ ನಿಲ್ಲಿಸಿ ಬರೀ ಬ್ಯಾಟರಿಯ ಮೇಲೆ ಹೊರಡುವುದಿಲ್ಲ. ಎಂಜಿನ್ ಎಳೆಯುವಾಗ ಮೋಟಾರು ಹಿಂದಿನಿಂದ ಒಂದಿಷ್ಟು ಕೈ ಜೋಡಿಸುತ್ತದೆ, ಬ್ರೇಕ್ ಹಾಕುವಾಗ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆರುತ್ತದೆ. ಆರು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಕೊಟ್ಟದ್ದು ಹೈಬ್ರಿಡ್‌ಗಳಲ್ಲಿ ಅಪರೂಪದ ಸಂಗತಿ. ಈ ಕಾರನ್ನು ಇಷ್ಟಪಡುವವರು ಬಹುಮಟ್ಟಿಗೆ ಇಷ್ಟಪಡುವುದು ಅದಕ್ಕಾಗಿಯೇ, ಮತ್ತು ನನ್ನ ಅಭಿಪ್ರಾಯದಲ್ಲಿಯೂ ಸಿಆರ್-ಝಡ್ ಎಂದರೆ ಮ್ಯಾನುಯಲ್ ಸಿಆರ್-ಝಡ್.

ಈಗ ಪೆಟ್ರೋಲ್ ಉಳಿತಾಯದ ಮಾತು. ಅಮೆರಿಕದ ಪರಿಸರ ಸಂಸ್ಥೆಯ ಅಧಿಕೃತ ಅಂಕಿಗಳ ಪ್ರಕಾರ ನಗರ, ಹೆದ್ದಾರಿ ಸೇರಿಸಿ ಮ್ಯಾನುಯಲ್ ಸಿಆರ್-ಝಡ್ ಗ್ಯಾಲನ್ನಿಗೆ 34 ಮೈಲಿ, ಆಟೊಮ್ಯಾಟಿಕ್ 37 ಮೈಲಿ ಕೊಡುತ್ತದೆ. ಹೈಬ್ರಿಡ್ ಅಲ್ಲದ, ನಾಲ್ಕು ಜನ ಕೂರಬಹುದಾದ 2012ರ ಹೋಂಡಾ ಸಿವಿಕ್ ಕೂಪೆ ಆಟೊಮ್ಯಾಟಿಕ್‌ಗೆ ಅದೇ ಸಂಸ್ಥೆ ಕೊಟ್ಟಿರುವ ಅಂಕಿ 32. ನೀವು ವರ್ಷಕ್ಕೆ 12 ಸಾವಿರ ಮೈಲಿ ಓಡಿಸುತ್ತೀರಿ, ಪೆಟ್ರೋಲ್ ಗ್ಯಾಲನ್ನಿಗೆ 3 ಡಾಲರ್ ಎಂದಿಟ್ಟುಕೊಂಡರೆ, ಸಿವಿಕ್‌ಗೆ 375 ಗ್ಯಾಲನ್, ಮ್ಯಾನುಯಲ್ ಸಿಆರ್-ಝಡ್‌ಗೆ ಸುಮಾರು 353, ಆಟೊಮ್ಯಾಟಿಕ್‌ಗೆ ಸುಮಾರು 324 ಗ್ಯಾಲನ್ ಬೇಕಾಗುತ್ತದೆ. ಅಂದರೆ ಹೈಬ್ರಿಡ್ ಆದದ್ದರಿಂದ ನಿಮಗೆ ವರ್ಷಕ್ಕೆ ಉಳಿಯುವುದು ಮ್ಯಾನುಯಲ್‌ನಲ್ಲಿ 66 ಡಾಲರ್, ಆಟೊಮ್ಯಾಟಿಕ್‌ನಲ್ಲಿ ನೂರೈವತ್ತರ ಆಸುಪಾಸು. ಇದರ ಎದುರಿಗೆ ಬ್ಯಾಟರಿ ಬದಲಿಸುವ ಖರ್ಚನ್ನು ಇಡಿ. ಯಾರು ಮಾಡುತ್ತಾರೆ, ಯಾವ ಬ್ಯಾಟರಿ ಹಾಕುತ್ತಾರೆ ಎಂಬುದರ ಮೇಲೆ ಅದು ಸ್ಥೂಲವಾಗಿ 2 ಸಾವಿರದಿಂದ 4 ಸಾವಿರ ಡಾಲರ್. ಹತ್ತು ವರ್ಷ ಓಡಿಸಿದರೂ ಉಳಿತಾಯ ಆ ಮೊತ್ತವನ್ನು ಮುಟ್ಟುವುದು ಕಷ್ಟ. ಪೆಟ್ರೋಲ್ ಉಳಿಸುವುದೇ ಮುಖ್ಯ ಉದ್ದೇಶವಾದರೆ ಅದೇ ಕಾಲದ ಪ್ರಿಯಸ್ ಗ್ಯಾಲನ್ನಿಗೆ 50 ಮೈಲಿ ಕೊಡುತ್ತದೆ, ಐದು ಜನರನ್ನು ಕೂರಿಸಿಕೊಳ್ಳುತ್ತದೆ; ನೋಡಲು ಹೇಗಿದೆ ಎಂಬುದು ನಿಮಗೂ ನಿಮ್ಮ ಕಣ್ಣಿಗೂ ಬಿಟ್ಟದ್ದು. ಸಿಆರ್-ಝಡ್ ಅನ್ನು ಕೊಳ್ಳಲು ಒಪ್ಪಬಹುದಾದ ಕಾರಣ ಒಂದೇ: ಓಡಿಸಲು ಹಿತವಾದ, ಗಟ್ಟಿಮುಟ್ಟಾದ ಎಂಜಿನ್ ಇರುವ ಸಣ್ಣ ಕೂಪೆ ನಿಮಗೆ ಬೇಕು, ಅದು ಹೈಬ್ರಿಡ್ ಆಗಿದೆ ಎಂಬುದು ಅದರೊಂದಿಗೆ ಬರುವ ಜವಾಬ್ದಾರಿ ಎಂದು ಗೊತ್ತಿದ್ದೇ ಕೊಳ್ಳುತ್ತಿದ್ದೀರಿ.

ಈ ಜವಾಬ್ದಾರಿಯ ಗಾತ್ರ ಕಾರಿನ ವರ್ಷದ ಮೇಲೆ ಹೋಗುತ್ತದೆ. 2011 ಮತ್ತು 2012ರ ಕಾರುಗಳಲ್ಲಿ ಇರುವುದು ಸುಮಾರು 100 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. 2013ರಿಂದ ಹೋಂಡಾ 144 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಹಾಕಿತು, ಮೋಟಾರಿನ ಶಕ್ತಿ 10 ಕಿಲೋವ್ಯಾಟ್‌ನಿಂದ 15ಕ್ಕೆ ಏರಿತು, ಒಟ್ಟು ಶಕ್ತಿ 122 ಅಶ್ವಶಕ್ತಿಯಿಂದ 130 ಆಯಿತು. ಓಡಿಸಿದಾಗ ಅಂಕಿಗಳು ಹೇಳುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಗೊತ್ತಾಗುತ್ತದೆ, ಏಕೆಂದರೆ ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿರುವಾಗಲೇ ಮೋಟಾರಿನ ಒತ್ತಾಸೆ ಸಿಗುತ್ತದೆ. ಹೊಸದರಲ್ಲಿ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷದ ವಾರಂಟಿ ಇತ್ತು, ಕ್ಯಾಲಿಫೋರ್ನಿಯಾದ ನಿಯಮ ಪಾಲಿಸುವ ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ನೀವು ನೋಡುತ್ತಿರುವ ಮೂರೂ ಕಾರುಗಳಿಗೆ ಅದು ಮುಗಿದಿದೆ ಎಂದೇ ತಿಳಿಯಿರಿ. ಒಂದು ವಿಪರ್ಯಾಸವನ್ನೂ ಗಮನಿಸಬೇಕು. ಹಳೆಯ ನಿಕಲ್ ಬ್ಯಾಟರಿ ಬೇಗ ದಣಿಯುತ್ತದೆ, ಆದರೆ ಅದನ್ನು ರಿಪೇರಿ ಮಾಡುವವರು, ಹೊರಗಿನಿಂದ ಹೊಸದು ಮಾಡಿಕೊಡುವವರು ಹೆಚ್ಚು ಸಿಗುತ್ತಾರೆ. ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ, ಆದರೆ ಹೋದ ದಿನ ಆಯ್ಕೆಗಳು ಕಡಿಮೆ.

ಬ್ಯಾಟರಿಯ ದೊಡ್ಡ ಶತ್ರು ಬಿಸಿಲು, ಮತ್ತು ನೀವಿರುವುದು ಟೆಕ್ಸಸ್‌ನಲ್ಲಿ. ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಬಯಲಿನಲ್ಲಿ ನಿಂತ ಕಾರಿನ ಒಳಗಿನ ಬಿಸಿ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಅದೂ ಅಲ್ಲದೆ ಈ ಕಾರಿನ ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನಾಯಿಯ ಕೂದಲು, ಕಂಬಳಿಯ ನೂಲು ಸೇರಿ ಆ ಗಾಳಿಯ ದಾರಿ ಕಟ್ಟಿಕೊಂಡಿದ್ದರೆ ಬ್ಯಾಟರಿ ಬೇಯುತ್ತಲೇ ಇರುತ್ತದೆ. ಆದ್ದರಿಂದ ಕಾರಿನ ಹಿಸ್ಟರಿ ರಿಪೋರ್ಟ್ ಓದುವಾಗ ಅಪಘಾತವಾಗಿದೆಯೇ ಎಂದಷ್ಟೇ ನೋಡದೆ, ಅದು ಯಾವ ಊರುಗಳಲ್ಲಿ ಬಾಳಿದೆ ಎಂಬುದನ್ನೂ ನೋಡಿ. ಹತ್ತು ವರ್ಷ ಅರಿಜೋನಾದ ಫೀನಿಕ್ಸ್‌ನಲ್ಲಿದ್ದ ಕಾರಿಗಿಂತ ಮನೆಯ ಗ್ಯಾರೇಜಿನಲ್ಲಿ ನೆರಳು ಕಂಡ ಕಾರು ಎಷ್ಟೋ ಮೇಲು. ಮೈಲಿ ಕಡಿಮೆ ಓಡಿದೆ ಎಂಬುದು ಇಲ್ಲಿ ಸ್ವತಃ ಒಳ್ಳೆಯ ಸುದ್ದಿಯಲ್ಲ. ತಿಂಗಳುಗಟ್ಟಲೆ ನಿಂತೇ ಇದ್ದ ಹೈಬ್ರಿಡ್‌ನ ಬ್ಯಾಟರಿ ದಿನವೂ ಓಡಿದ ಕಾರಿನ ಬ್ಯಾಟರಿಗಿಂತ ಕೆಟ್ಟ ಸ್ಥಿತಿಯಲ್ಲಿರುವ ಸಾಧ್ಯತೆ ಉಂಟು.

ಬ್ಯಾಟರಿಯ ಆರೋಗ್ಯವನ್ನು ಕೊಳ್ಳುವವರೇ ಒಂದು ಗಂಟೆಯಲ್ಲಿ ಬಹುಮಟ್ಟಿಗೆ ಅಂದಾಜು ಮಾಡಬಹುದು, ಆದರೆ ಅದಕ್ಕೆ ಕಾರು ತಣ್ಣಗಿರುವಾಗಲೇ ಹೋಗಬೇಕು. ಮಾರುವವರಿಗೆ ಮೊದಲೇ ಫೋನ್ ಮಾಡಿ, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದೊಡನೆ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಮೊದಲು ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಮೀಟರಿನಲ್ಲಿ ಐಎಂಎ ದೀಪ, ಚೆಕ್ ಎಂಜಿನ್ ದೀಪ ಎರಡೂ ಹೊತ್ತಿಕೊಳ್ಳುತ್ತವೆಯೇ ನೋಡಬೇಕು. ಹೊತ್ತಿಕೊಳ್ಳದಿದ್ದರೆ ಆ ದೀಪವನ್ನು ಯಾರೋ ಮುಚ್ಚಿದ್ದಾರೆ ಎಂದರ್ಥ, ಅಲ್ಲಿಗೇ ಧನ್ಯವಾದ ಹೇಳಿ ಹೊರಡಿ. ನಂತರ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ. ಈ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಹೈಬ್ರಿಡ್ ಮೋಟಾರೇ ಆದ್ದರಿಂದ ಮಾಮೂಲಿ ಕಾರಿನ ಕರ್ರ್ ಕರ್ರ್ ಸದ್ದಿಲ್ಲದೆ ಎಂಜಿನ್ ಒಮ್ಮೆಗೇ ಜೀವ ತಾಳುತ್ತದೆ. ವಿಪರೀತ ಚಳಿಯಲ್ಲಿ ಅಥವಾ ದೊಡ್ಡ ಬ್ಯಾಟರಿ ಸೋತಿರುವಾಗ ಬಳಸಲೆಂದು 12 ವೋಲ್ಟಿನ ಸಾಮಾನ್ಯ ಸ್ಟಾರ್ಟರ್ ಕೂಡ ಅದರಲ್ಲಿದೆ. ಹಿತವಾದ ಹವೆಯ ದಿನ ಆ ಹಳೆಯ ಕರ್ರ್ ಸದ್ದು ಕೇಳಿಬಂದರೆ, ದೀಪ ಹೊತ್ತಿರದಿದ್ದರೂ, ದೊಡ್ಡ ಬ್ಯಾಟರಿ ಕೆಲಸ ಮಾಡಲು ಒಪ್ಪುತ್ತಿಲ್ಲ ಎಂದು ಅನುಮಾನಿಸಬೇಕು.

ಓಡಿಸುವಾಗ ಕಣ್ಣು ರಸ್ತೆಯ ಮೇಲಿರಬೇಕಾದ್ದರಿಂದ ಪಕ್ಕದ ಸೀಟಿನಲ್ಲಿ ಸ್ನೇಹಿತರೊಬ್ಬರನ್ನು ಕೂರಿಸಿಕೊಂಡು ಮೀಟರಿನಲ್ಲಿ ಬ್ಯಾಟರಿಯ ಮಟ್ಟ ತೋರಿಸುವ ಗೆರೆಗಳನ್ನು ಗಮನಿಸುತ್ತಿರಲು ಹೇಳಿ. (ಮಾರುವವರೇ ಜೊತೆಗೆ ಬರುತ್ತೇನೆಂದರೆ ಎರಡು ಸೀಟಿನ ಕಾರಿನ ತೊಡಕು ಇಲ್ಲಿಂದಲೇ ಶುರುವಾಗುತ್ತದೆ.) ಫ್ಲೈಓವರ್ ಏರುವಾಗ, ಹೆದ್ದಾರಿಗೆ ಸೇರುವಾಗ ಆಕ್ಸಿಲರೇಟರ್ ಚೆನ್ನಾಗಿ ಒತ್ತಿದರೆ ಗೆರೆಗಳು ಒಂದೊಂದಾಗಿ ಇಳಿಯಬೇಕು, ಇಳಿಜಾರಿನಲ್ಲಿ, ಬ್ರೇಕ್ ಹಾಕುವಾಗ ಒಂದೊಂದಾಗಿ ಏರಬೇಕು. ಅರ್ಧಕ್ಕಿಂತ ಮೇಲಿದ್ದ ಮಟ್ಟ ಒಮ್ಮೆಗೇ ತಳಕ್ಕೆ ಕುಸಿದು, ಎಂಜಿನ್ ಭಾರವಾಗಿ, ಕಾರು ಬ್ರೇಕ್ ಇಲ್ಲದೆಯೇ ಬ್ಯಾಟರಿ ತುಂಬಲು ತೊಡಗಿ, ಐದು ಹತ್ತು ನಿಮಿಷದಲ್ಲಿ ಮತ್ತೆ ಮೇಲೇರಿದರೆ ಅದು ಮೀಟರಿನ ತಪ್ಪಲ್ಲ. ಬ್ಯಾಟರಿಯೊಳಗಿನ ಕೆಲವು ಸೆಲ್‌ಗಳು ಸೋತಿರುವುದರಿಂದ ಕಂಪ್ಯೂಟರ್ ತನ್ನ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿಕೊಳ್ಳುತ್ತಿದೆ. ಒಂದೇ ಸವಾರಿಯಲ್ಲಿ ಇದು ಎರಡು ಸಲ ಆದರೆ ಬ್ಯಾಟರಿಯನ್ನು ಸತ್ತದ್ದೆಂದೇ ಎಣಿಸಿ. 2013ರ ನಂತರದ ಕಾರುಗಳಲ್ಲಿ ಸ್ಟಿಯರಿಂಗ್ ಮೇಲೆ ಎಸ್ ಪ್ಲಸ್ ಎಂಬ ಗುಂಡಿಯಿದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ತುಂಬಿರುವಾಗ ಅದನ್ನು ಒತ್ತಿದರೆ ಸುಮಾರು 5 ಸೆಕೆಂಡ್ ಮೋಟಾರು ತನ್ನ ಪೂರ್ಣ ಬಲವನ್ನು ಕೊಡುತ್ತದೆ. ಹೋಂಡಾ ಅದನ್ನು ಮೋಜಿಗೆಂದು ಇಟ್ಟಿತ್ತು, ಕೊಳ್ಳುವವರಿಗೆ ಅದು ಬ್ಯಾಟರಿಯ ಪರೀಕ್ಷೆಯಾಗಿ ಒದಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎ.ಸಿ. ಬಂದ್ ಮಾಡಿ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರುತ್ತದೆಯೇ ನೋಡಿ. ಎ.ಸಿ. ಹಾಕಿದ್ದರೆ ಟೆಕ್ಸಸ್‌ನ ಬಿಸಿಲಿಗೆ ಎಂಜಿನ್ ಆರದೇ ಇರುವುದು ಸಹಜ, ಆರಿದರೆ ತಂಪು ನಿಲ್ಲುವುದೂ ಸಹಜ; ಅದನ್ನು ದೋಷವೆಂದು ತಿಳಿಯಬೇಡಿ. ಮ್ಯಾನುಯಲ್ ಆದರೆ ಗೇರನ್ನು ನ್ಯೂಟ್ರಲ್‌ಗೆ ತಂದು ಬ್ರೇಕ್ ಹಿಡಿದಿರಬೇಕು. ಸವಾರಿ ಮುಗಿದ ಮೇಲೆ ಕಾರನ್ನು ಕಾಲು ಗಂಟೆ ನಿಲ್ಲಿಸಿ, ಕಾಗದಪತ್ರದ ಮಾತು ಆಡಿ, ಮತ್ತೊಮ್ಮೆ ಸ್ಟಾರ್ಟ್ ಮಾಡಿ. ಬಿಸಿಯಾದ ಬ್ಯಾಟರಿಯ ನಿಜ ಸ್ಥಿತಿ ಬಯಲಾಗುವುದು ಈ ಎರಡನೆಯ ಸ್ಟಾರ್ಟ್‌ನಲ್ಲಿ.

ಇದೆಲ್ಲದರ ಜೊತೆಗೆ ಇಪ್ಪತ್ತು ಮೂವತ್ತು ಡಾಲರಿಗೆ ಸಿಗುವ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷಗಳನ್ನು ಓದುವ ಪುಟ್ಟ ಸಾಧನವಾದ ಒಬಿಡಿ ರೀಡರ್ ಒಂದನ್ನು ಕೊಂಡುಕೊಂಡೇ ಹೋಗಿ. ಅದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ದೋಷದ ಕೋಡ್‌ಗಳಿವೆಯೇ ಎಂದು ಓದುವುದು ಮೊದಲ ಕೆಲಸ. ಪಿ0ಎ7ಎಫ್ ಎಂಬುದು ಹೈಬ್ರಿಡ್ ಬ್ಯಾಟರಿ ಸವೆದಿದೆ ಎಂಬುದರ ಕೋಡ್. ಆದರೆ ಕೋಡ್ ಇಲ್ಲ ಎಂದರೆ ದೋಷ ಇಲ್ಲ ಎಂದಲ್ಲ, ನೀವು ಬರುವ ಮುನ್ನಾ ರಾತ್ರಿ ಅದೇ ಬಗೆಯ ರೀಡರ್‌ನಿಂದ ಅಳಿಸಿರಬಹುದು. ಅದಕ್ಕಾಗಿ ರೀಡರ್‌ನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟವನ್ನು ತೆರೆಯಿರಿ. ಕೋಡ್ ಅಳಿಸಿದೊಡನೆ ಕಾರಿನ ಸ್ವಯಂ ಪರೀಕ್ಷೆಗಳೆಲ್ಲ ಅಪೂರ್ಣ ಎಂಬ ಸ್ಥಿತಿಗೆ ಮರಳುತ್ತವೆ, ಮತ್ತೆ ಪೂರ್ಣವಾಗಲು ಕಾರು ಕೆಲವು ದಿನ ಓಡಬೇಕು. ಮೂರು ನಾಲ್ಕು ಪರೀಕ್ಷೆಗಳು ಅಪೂರ್ಣ ಎಂದು ಕಂಡರೆ, ಮಾರುವವರು ಎಷ್ಟೇ ನಯವಾಗಿ ಮಾತಾಡಲಿ, ಆ ಕಾರನ್ನು ಆ ದಿನ ಕೊಳ್ಳಬೇಡಿ. 12 ವೋಲ್ಟಿನ ಸಣ್ಣ ಬ್ಯಾಟರಿ ಕಳಚಿ ಹಾಕಿದ್ದರಿಂದ ಹೀಗಾಗಿದೆ ಎಂದು ಹೇಳಬಹುದು, ಅದು ನಿಜವೂ ಇರಬಹುದು. ಹಾಗಿದ್ದರೆ ಒಂದು ವಾರ ಓಡಿಸಿ ತೋರಿಸಲಿ. ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತೂ ನಿಮ್ಮ ಕಿವಿಗೆ ಬೀಳಲಿದೆ: ದೀಪ ಹೊತ್ತಿರುವುದು ಸಣ್ಣ 12 ವೋಲ್ಟಿನ ಬ್ಯಾಟರಿ ಹಳತಾಗಿರುವುದರಿಂದ, ಅದನ್ನು ಬದಲಿಸಿದರೆ ಹೋಗುತ್ತದೆ ಎಂದು. ಸಣ್ಣ ಬ್ಯಾಟರಿ ಸೋತಾಗ ಹೈಬ್ರಿಡ್‌ಗಳು ಸುಳ್ಳು ದೀಪಗಳನ್ನು ಹೊತ್ತಿಸುವುದುಂಟು, ನಿಜ. ಅಷ್ಟು ಅಗ್ಗದ ರಿಪೇರಿಯಾದರೆ ಮಾರುವವರೇ ಮಾಡಿಸಿ, ದೀಪ ಆರಿದ ಕಾರನ್ನು ನಿಮಗೆ ತೋರಿಸಬೇಕಲ್ಲವೇ?

ದೀಪ ಹೊತ್ತಿದ್ದರೂ ಎಂಜಿನ್ ಮೇಲೆ ಓಡಿಸಿಕೊಂಡಿರಬಹುದು ಎಂಬ ಸಲಹೆಯೂ ಕೆಲವರಿಂದ ಬರುತ್ತದೆ. ಈ ಕಾರಿನಲ್ಲಿ ಮಾಮೂಲಿ ಆಲ್ಟರ್ನೇಟರ್ ಇಲ್ಲ. ಹೆಡ್‌ಲೈಟು, ಫ್ಯಾನು, ಕಂಪ್ಯೂಟರುಗಳಿಗೆ ಬೇಕಾದ 12 ವೋಲ್ಟಿನ ವಿದ್ಯುತ್ತು ಬರುವುದು ಹೈಬ್ರಿಡ್ ವ್ಯವಸ್ಥೆಯ ಮೂಲಕವೇ. ಅದು ಪೂರ್ತಿ ಕೈಕೊಟ್ಟ ದಿನ ಕಾರು ಎಲ್ಲಿದೆಯೋ ಅಲ್ಲೇ ನಿಲ್ಲುವ ಅಪಾಯವಿದೆ. ಜೊತೆಗೆ ಚೆಕ್ ಎಂಜಿನ್ ದೀಪವೂ ಹೊತ್ತಿದ್ದರೆ ಪ್ಲೇನೊ ಇರುವ ನಿಮ್ಮ ಕಾಲಿನ್ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಹೊಗೆ ತಪಾಸಣೆ ಪಾಸಾಗುವುದಿಲ್ಲ, ಅದಿಲ್ಲದೆ ನೋಂದಣಿ ನವೀಕರಣವಾಗುವುದಿಲ್ಲ. 2025ರ ಜನವರಿಯಿಂದ ಟೆಕ್ಸಸ್ ಖಾಸಗಿ ಕಾರುಗಳ ಸುರಕ್ಷತಾ ತಪಾಸಣೆಯನ್ನು ಕೈಬಿಟ್ಟಿದ್ದರೂ ಕಾಲಿನ್, ಡಲ್ಲಾಸ್ ಸೇರಿದಂತೆ ಹಲವು ಕೌಂಟಿಗಳಲ್ಲಿ ಹೊಗೆ ತಪಾಸಣೆ ಉಳಿದುಕೊಂಡಿದೆ. ಮಾರುವವರಿಂದ ಇತ್ತೀಚಿನ ತಪಾಸಣೆಯ ವರದಿ ಕೇಳಿ ಪಡೆಯಿರಿ. ಸುರಕ್ಷತಾ ತಪಾಸಣೆ ಇಲ್ಲವಾದ್ದರಿಂದ ಬ್ರೇಕ್, ಟಯರ್, ಸ್ಟಿಯರಿಂಗ್‌ಗಳನ್ನು ಸರ್ಕಾರದ ಪರವಾಗಿ ಯಾರೂ ನೋಡಿರುವುದಿಲ್ಲ ಎಂಬುದೂ ನೆನಪಿರಲಿ.

ಹೈಬ್ರಿಡ್ ಭಾಗವನ್ನು ಬಿಟ್ಟರೆ ಈ ಕಾರಿನಲ್ಲಿ ಹೆದರುವಂಥದ್ದು ಹೆಚ್ಚಿಲ್ಲ. ಎಂಜಿನ್‌ಗೆ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಇದೆ. ಆದರೆ ಒಂದು ಲಕ್ಷ ಮೈಲಿಯ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಬದಲಿಸಿ ವಾಲ್ವ್ ಕ್ಲಿಯರೆನ್ಸ್ ನೋಡಬೇಕಾಗುತ್ತದೆ, ನೀವು ನೋಡುತ್ತಿರುವ 96 ಸಾವಿರ ಮೈಲಿಯ ಕಾರಿಗೆ ಆ ಖರ್ಚು ಬಾಗಿಲಲ್ಲೇ ನಿಂತಿದೆ. ಮಾಡಿಸಿದ್ದರೆ ರಸೀದಿ ಕೇಳಿ, ಇಲ್ಲದಿದ್ದರೆ ಬೆಲೆಯಲ್ಲಿ ಕಳೆಯಿರಿ. ಮ್ಯಾನುಯಲ್‌ನಲ್ಲಿ ಕ್ಲಚ್ ನೋಡಲು ನಾಲ್ಕನೆಯ ಅಥವಾ ಐದನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ: ವೇಗ ಏರದೆ ಎಂಜಿನ್ ಮಾತ್ರ ಕೂಗಿದರೆ ಕ್ಲಚ್ ಮುಗಿದಿದೆ. ಆಟೊಮ್ಯಾಟಿಕ್‌ನಲ್ಲಿರುವುದು ಸಿವಿಟಿ, ಅಂದರೆ ಬಿಡಿ ಬಿಡಿ ಗೇರುಗಳಿಲ್ಲದ ಗೇರ್‌ಬಾಕ್ಸ್; ಅದಕ್ಕೆ ಹೋಂಡಾದ ಸ್ವಂತ ಆಯಿಲ್ ಹಾಕಿ ಕಾಲಕಾಲಕ್ಕೆ ಬದಲಿಸಿದ್ದಾರೆಯೇ ಎಂಬ ಒಂದೇ ಪ್ರಶ್ನೆ ಸಾಕು. ಹಿಂದಿನ ಗಾಜು ಎರಡು ತುಂಡಾಗಿದ್ದು ಹಿಂಬದಿಯ ನೋಟಕ್ಕೆ ಅಡ್ಡ ಪಟ್ಟಿ ಬರುತ್ತದೆ, ಪಕ್ಕದ ಲೇನ್ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮದ್ದಿಲ್ಲ, ಟೆಸ್ಟ್ ಡ್ರೈವ್‌ನಲ್ಲಿ ಒಗ್ಗುತ್ತದೆಯೇ ನೋಡಿಕೊಳ್ಳಬೇಕು.

ಕಾಗದದ ಕೆಲಸದಲ್ಲಿ ಎರಡು ವಿಷಯ ಬಿಡಲಾಗದವು. ಒಂದು, ಏರ್‌ಬ್ಯಾಗ್ ರೀಕಾಲ್, ಅಂದರೆ ದೋಷವಿರುವ ಕಾರುಗಳನ್ನು ಕಂಪನಿಯೇ ಕರೆಸಿ ಸರಿಪಡಿಸಿಕೊಡುವುದು. ಜೀವಗಳನ್ನೇ ಬಲಿ ತೆಗೆದುಕೊಂಡ ಟಕಾಟಾ ಏರ್‌ಬ್ಯಾಗ್‌ಗಳ ರೀಕಾಲ್‌ನಲ್ಲಿ ಸಿಆರ್-ಝಡ್ ಕೂಡ ಇದೆ. ಬಿಸಿಲೂ ತೇವವೂ ಸೇರಿದ ಹವೆಯಲ್ಲಿ ಏರ್‌ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರ್ ಹೆಚ್ಚು ಬೇಗ ಹಾಳಾಗುತ್ತದೆ, ಟೆಕ್ಸಸ್ ಅಂಥ ರಾಜ್ಯಗಳ ಪಟ್ಟಿಯಲ್ಲಿದೆ. ಕಾರಿನ 17 ಅಕ್ಷರಾಂಕಿಗಳ ವಿನ್ ಸಂಖ್ಯೆಯನ್ನು ಫೆಡರಲ್ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ರೀಕಾಲ್‌ಗಳು ಕಾಣುತ್ತವೆ. ಬಾಕಿಯಿದ್ದರೆ ಹೋಂಡಾ ಡೀಲರ್ ಬಳಿ ಈ ರಿಪೇರಿ ಉಚಿತ. 2011ರ ಮ್ಯಾನುಯಲ್ ಕಾರುಗಳಿಗೆ, ಎಂಜಿನ್ ಬಂದ್ ಬಿದ್ದಾಗ ಮೋಟಾರು ತಿರುಗುಮುರುಗಾಗಿ ತಿರುಗಬಹುದಾಗಿದ್ದ ದೋಷವನ್ನು ಸರಿಪಡಿಸುವ ಸಾಫ್ಟ್‌ವೇರ್ ರೀಕಾಲ್ ಕೂಡ ಇತ್ತು. ಎರಡು, ಟೈಟಲ್, ಅಂದರೆ ಕಾರಿನ ಒಡೆತನದ ಪತ್ರ. ಡಲ್ಲಾಸ್ ಸುತ್ತ ಆಲಿಕಲ್ಲಿನ ಹೊಡೆತಕ್ಕೆ ಸಿಕ್ಕಿ ಇನ್ಶೂರೆನ್ಸ್ ಕಂಪನಿಯಿಂದ ಟೋಟಲ್ (ರಿಪೇರಿ ಮಾಡಿಸಿದರೆ ಗಿಟ್ಟದು) ಎನಿಸಿಕೊಂಡ ಕಾರುಗಳು ಬಹಳ. ಅವುಗಳ ಮೈ ಹಾಳಾಗಿದ್ದರೂ ಒಳಗು ನೆಟ್ಟಗಿರುತ್ತದೆ. ಆದರೆ 2017ರ ಹಾರ್ವಿ ಚಂಡಮಾರುತದಲ್ಲಿ ಹ್ಯೂಸ್ಟನ್ ಸುತ್ತ ಲಕ್ಷಾಂತರ ವಾಹನಗಳು ನೀರಿನಲ್ಲಿ ಮುಳುಗಿದವು, ಮತ್ತು ಅಂಥವೂ ಸ್ವಚ್ಛವಾಗಿ ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸಿಆರ್-ಝಡ್‌ನ ಬ್ಯಾಟರಿ ಮತ್ತು ಅದರ ಎಲೆಕ್ಟ್ರಾನಿಕ್ಸ್ ಇರುವುದು ಡಿಕ್ಕಿಯ ನೆಲದಡಿ. ಅಲ್ಲಿಗೆ ನೀರು ಹೊಕ್ಕಿದ್ದ ಕಾರನ್ನು ಬಿಟ್ಟಿ ಕೊಟ್ಟರೂ ಬೇಡ ಎನ್ನಬೇಕು. ಡಿಕ್ಕಿಯ ಕಾರ್ಪೆಟ್ ಎತ್ತಿ ಮಣ್ಣಿನ ಗೆರೆ, ತುಕ್ಕು ಹಿಡಿದ ಬೋಲ್ಟ್, ಮುಗ್ಗುಲು ವಾಸನೆ ಹುಡುಕಿ. ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಮಾತ್ರ ಕೈ ಹಚ್ಚಬೇಡಿ, ಅವು ಹೈ ವೋಲ್ಟೇಜ್ ತಂತಿಗಳು.

ಇಷ್ಟಾದ ಮೇಲೆ ನಿಮ್ಮ ಮೂರು ಕಾರುಗಳು. 2011ರ ರೀಬಿಲ್ಟ್ ಟೈಟಲ್ ಕಾರನ್ನು ನೋಡಲು ಹೋಗುವ ಪೆಟ್ರೋಲ್ ಕೂಡ ದಂಡ ಎಂಬುದು ನನ್ನ ಅಭಿಪ್ರಾಯ. ಅದು ಏಕೆ ಟೋಟಲ್ ಆಯಿತೆಂಬುದಕ್ಕೆ ಫೋಟೊ, ರಿಪೇರಿ ರಸೀದಿಗಳಿಲ್ಲದೆ ಉತ್ತರವಿಲ್ಲ, ಇನ್ಶೂರೆನ್ಸ್ ಕಂಪನಿಗಳು ಅಂಥ ಕಾರಿಗೆ ಪೂರ್ಣ ವಿಮೆ ಕೊಡಲು ಹಿಂಜರಿಯುತ್ತವೆ, ಅದರ ಬ್ಯಾಟರಿ ಮೂರರಲ್ಲೇ ಹಳೆಯದು, ಮೈಲಿ ಕಡಿಮೆ ಎಂಬ ಆಕರ್ಷಣೆಯೂ ಮೇಲೆ ಹೇಳಿದ ಕಾರಣಕ್ಕೆ ಟೊಳ್ಳು. 2014ರ ಕಾರಿಗೆ ಲಿಥಿಯಂ ಬ್ಯಾಟರಿಯ ಅನುಕೂಲವಿದೆ. ಆದರೆ 10,500ಕ್ಕೆ ಟೆಕ್ಸಸ್‌ನ 6.25 ಶೇಕಡಾ ತೆರಿಗೆ ಸೇರಿಸಿದರೆ 11 ಸಾವಿರ ದಾಟಿತು, ಬ್ಯಾಟರಿಗೆಂದು ಎತ್ತಿಡಲು ನಿಮ್ಮ ಬಳಿ ಒಂದು ಡಾಲರೂ ಉಳಿಯಲಿಲ್ಲ. 9 ಸಾವಿರಕ್ಕೆ ಇಳಿದರೆ ಮಾತ್ರ ಅದರ ಬಗ್ಗೆ ಯೋಚಿಸಬಹುದು. ಉಳಿದದ್ದು 2012ರ ಮ್ಯಾನುಯಲ್. ಇದರಲ್ಲಿ ಮೊದಲು ಕೇಳಬೇಕಾದದ್ದು ಬ್ಯಾಟರಿ ಎಂದಾದರೂ ಬದಲಾಗಿದೆಯೇ ಎಂದು. ರಸೀದಿ ಸಮೇತ ಬದಲಾಗಿದ್ದರೆ 7,800 ನ್ಯಾಯವಾದ ಬೆಲೆಯೆನ್ನಬಹುದು. ಮೂಲ ಬ್ಯಾಟರಿಯೇ ಇದ್ದರೆ, ಅದು ಇಂದು ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿರಲಿ, ಹೊಸ ಬ್ಯಾಟರಿಯ ಖರ್ಚಿನ ಅರ್ಧವನ್ನಾದರೂ ಬೆಲೆಯಲ್ಲಿ ಇಳಿಸಲು ಕೇಳಿ. ಹತ್ತಿರದ ಹೈಬ್ರಿಡ್ ಮೆಕ್ಯಾನಿಕ್ ಒಬ್ಬರಿಂದ ಬ್ಯಾಟರಿ ಬದಲಾವಣೆಯ ಲಿಖಿತ ಕೊಟೇಶನ್ ತೆಗೆದುಕೊಂಡು ಹೋದರೆ ಚೌಕಾಸಿ ಸುಲಭವಾಗುತ್ತದೆ. ಆರೂವರೆ ಸಾವಿರದ ಹತ್ತಿರ ಸಿಕ್ಕಿ, ಉಳಿದ ಹಣದಲ್ಲಿ 2,500 ಡಾಲರ್ ಬ್ಯಾಂಕಿನಲ್ಲಿ ಮುಟ್ಟದೆ ಇಡಲು ಆಗುವುದಾದರೆ ಕೊಳ್ಳಿ. ಅವಸರವಿಲ್ಲದಿದ್ದರೆ ನನ್ನ ಮೊದಲ ಆಯ್ಕೆ ನಿಮ್ಮ ಪಟ್ಟಿಯಲ್ಲಿಲ್ಲದ ಕಾರು: 2013 ಅಥವಾ ನಂತರದ ಮ್ಯಾನುಯಲ್. ಅವು ಮಾರಾಟವಾದದ್ದೇ ಕಡಿಮೆಯಾದ್ದರಿಂದ ಹುಡುಕಲು ಕೆಲವು ತಿಂಗಳು ಹಿಡಿಯಬಹುದು, ಒಕ್ಲಹೋಮಾ ತನಕ ಹೋಗಬೇಕಾಗಬಹುದು.

ಯಾವುದನ್ನೇ ಆರಿಸಿದರೂ ಹಣ ಕೊಡುವ ಮೊದಲು ಹೈಬ್ರಿಡ್ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ, ಇನ್ಶೂರೆನ್ಸ್ ಎಷ್ಟಾಗುತ್ತದೆಂದು ವಿನ್ ಸಂಖ್ಯೆ ಕೊಟ್ಟು ಕೇಳಿ. ಅಮೆರಿಕದ ಲೈಸೆನ್ಸ್ ಹೊಸದಾಗಿದ್ದರೆ ಎರಡು ಬಾಗಿಲಿನ ಕಾರಿಗೆ ಬರುವ ಮೊತ್ತ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರನ್ನು ಜೊತೆಗೇ ಕರೆದುಕೊಂಡು ಕೌಂಟಿಯ ತೆರಿಗೆ ಕಚೇರಿಗೆ ಹೋಗಿ 130-ಯು ಅರ್ಜಿ ತುಂಬಿ ಟೈಟಲ್ ಬದಲಾಯಿಸಿಕೊಳ್ಳುವುದು ಲೇಸು. ರಾಜ್ಯ ತನ್ನದೇ ಒಂದು ಅಂದಾಜು ಬೆಲೆ ಇಟ್ಟುಕೊಂಡಿರುವುದರಿಂದ ರಸೀದಿಯಲ್ಲಿ ಕಡಿಮೆ ಬೆಲೆ ಬರೆಸಿ ತೆರಿಗೆ ಉಳಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಕಾರನ್ನು ಊರಿಗೆ ತರುವ ಪ್ರಶ್ನೆಗೆ ಉತ್ತರ ಸರಳವಾಗಿದೆ. ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನಿಮ್ಮ ಕಾರು ಎರಡರಲ್ಲಿಯೂ ಅನುತ್ತೀರ್ಣ. ಹಿಂದಿರುಗುವ ದಿನ ಖಚಿತವಾದೊಡನೆ, ಬ್ಯಾಟರಿ ಬದಲಿಸಿದ್ದರೆ ಅದರ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು, ಟೆಕ್ಸಸ್‌ನಲ್ಲಿಯೇ ಮಾರಿ ಬನ್ನಿ.